ಹಾರ್ಡ್ ಡಿಸ್ಕ್ ಸದ್ದು ಮಾಡಿದರೆ ಮೊದಲು ಸ್ವಿಚ್ ಆಫ್ ಮಾಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯಲ್ಲಿ ಗುಡುಗು ಸಿಡಿಲಿನ ಜತೆಗೆ ಕರೆಂಟಿನ ಕಣ್ಣಾಮುಚ್ಚಾಲೆಯೂ ಶುರುವಾಗುತ್ತದೆ. ಅದರ ಬೆನ್ನಿಗೇ, ಕಂಪ್ಯೂಟರಿನೊಳಗೆ ಏನೋ ಸದ್ದು ಬರುತ್ತಿದೆ ಎಂದು ದುರಸ್ತಿ ಅಂಗಡಿ ಹುಡುಕುವವರೂ ಹೆಚ್ಚುತ್ತಾರೆ. ಉಡುಪಿಯಲ್ಲಿ ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನನಗೆ ತೀರಾ ಬೇಸರ ತರುವ ಸಂಗತಿಯೆಂದರೆ, ಬಹುತೇಕರು ಸದ್ದು ಕೇಳಿದ ಮೇಲೂ ವಾರಗಟ್ಟಲೆ ಕಂಪ್ಯೂಟರ್ ಓಡಿಸಿ, ಅದು ಪೂರ್ತಿ ಕೈಕೊಟ್ಟ ನಂತರವಷ್ಟೇ ತರುತ್ತಾರೆ.

ಎಲ್ಲ ಸದ್ದೂ ಕೆಡುಕಿನ ಸೂಚನೆಯಲ್ಲ. ಕಂಪ್ಯೂಟರಿನ ಮಾಹಿತಿ ಕೂಡಿಡುವ ಹಾರ್ಡ್ ಡಿಸ್ಕಿನೊಳಗೆ ನುಣುಪಾದ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ; ಮಾಹಿತಿ ಓದುವ ಹೆಡ್ ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತ ಅತ್ತಿಂದಿತ್ತ ಸರಿದಾಡುತ್ತದೆ. ದೊಡ್ಡ ಫೈಲ್ ತೆರೆದಾಗ ಕೇಳುವ ಸಣ್ಣ ಕರಕರ, ಕೆಲಸವಿಲ್ಲದಾಗ ಹೆಡ್ ತನ್ನ ಜಾಗಕ್ಕೆ ಮರಳುವಾಗಿನ ಒಂದು 'ಟಕ್' ಸಹಜವಾದವು. ಎಷ್ಟೋ ಸಲ ಸದ್ದು ಡಿಸ್ಕಿನದೇ ಆಗಿರುವುದಿಲ್ಲ; ಫ್ಯಾನಿಗೆ ಧೂಳು ಕಟ್ಟಿರುತ್ತದೆ, ಇಲ್ಲವೇ ಸ್ಕ್ರೂ ಸಡಿಲಗೊಂಡು ಕ್ಯಾಬಿನೆಟ್ಟಿನ ತಗಡು ಅದುರುತ್ತಿರುತ್ತದೆ.

ಹೆದರಬೇಕಾದದ್ದು ಒಂದೇ ಲಯದಲ್ಲಿ ಮತ್ತೆ ಮತ್ತೆ ಬರುವ 'ಟಕ್, ಟಕ್' ಸದ್ದಿಗೆ. ತಟ್ಟೆಯ ಮೇಲೆ ದಾರಿ ತೋರಿಸಲೆಂದೇ ಬರೆದಿರುವ ಗುರುತುಗಳನ್ನು ಹೆಡ್ ಓದಲಾಗದೆ, ಅದನ್ನು ಹೊತ್ತ ತೋಳು ಹಿಂದಕ್ಕೆ ಹೋಗಿ ಪುನಃ ಪ್ರಯತ್ನಿಸುವಾಗ ಈ ಸದ್ದು ಹುಟ್ಟುತ್ತದೆ. ಹೆಡ್ ಕೆಟ್ಟಿರಬಹುದು, ತಟ್ಟೆಗೆ ಪೆಟ್ಟಾಗಿರಬಹುದು, ಕೆಳಗಿನ ಸರ್ಕ್ಯೂಟ್ ಬೋರ್ಡಿನಲ್ಲೇ ದೋಷವಿರಬಹುದು. ಗರಗರ ಕೆರೆದಂತೆ ಕೇಳಿಸಿದರೆ ಹೆಡ್ ತಟ್ಟೆಗೆ ತಾಗಿದೆ ಎಂದೇ ಶಂಕಿಸಬೇಕು. ಆಗ ಪ್ರತಿ ಸುತ್ತಿಗೂ ಕಾಂತೀಯ ಲೇಪ ಉದುರುತ್ತದೆ, ಹಾಗೆ ಹೋದ ಮಾಹಿತಿಯನ್ನು ಯಾವ ಪ್ರಯೋಗಾಲಯವೂ ಮರಳಿಸಲಾರದು. ಕ್ಷೀಣವಾದ ಬೀಪ್ ಬರುವುದು ಮೋಟಾರ್ ತಿರುಗಲಾರದೆ ಒದ್ದಾಡುವಾಗ. ಹೊರಗಿನಿಂದ ಜೋಡಿಸುವ ಡಿಸ್ಕ್‌ಗಳಲ್ಲಿ ಕೆಲವೊಮ್ಮೆ ವಿದ್ಯುತ್ ಸಾಲದಿರುವುದೇ ಇದಕ್ಕೆ ಕಾರಣ: ಯುಎಸ್‌ಬಿ 2.0 ಪೋರ್ಟ್‌ಗೆ ನಿಗದಿಯಾಗಿರುವುದು 500 ಮಿಲಿಆಂಪಿಯರ್ ಮಾತ್ರ. ಆದ್ದರಿಂದ ಡಿಸ್ಕ್ ಬಿದ್ದಿರದಿದ್ದರೆ ಗಿಡ್ಡ ಕೇಬಲ್ಲಿನಿಂದ ಬೇರೆ ಪೋರ್ಟಿಗೆ ಒಮ್ಮೆ ಹಾಕಿ ನೋಡಬಹುದು, ಪದೇ ಪದೇ ಅಲ್ಲ. ದಿನೇ ದಿನೇ ಏರುವ ಕೀರಲು ಸದ್ದು ಬೇರಿಂಗ್ ಸವೆದದ್ದನ್ನು ಹೇಳುತ್ತಿರಬಹುದು. ಡಿಸ್ಕ್ ಇನ್ನೂ ಓದುತ್ತಿದ್ದರೆ ಅಂದೇ ಎಲ್ಲವನ್ನೂ ನಕಲು ಮಾಡಿಕೊಳ್ಳಬೇಕು.

ಯಕ್ಷಗಾನದ ಅಭಿಮಾನಿಯೊಬ್ಬರು ರಾತ್ರಿಯಿಡೀ ಕೂತು ಧ್ವನಿಮುದ್ರಿಸಿಕೊಂಡ ತೆಂಕು, ಬಡಗು ತಿಟ್ಟಿನ ಆಟಗಳನ್ನೆಲ್ಲ ಒಂದೇ ಡಿಸ್ಕಿನಲ್ಲಿ ತುಂಬಿಸಿಟ್ಟಿದ್ದರು. ಓಡುತ್ತಿರುವಾಗಲೇ ಅದು ಮೇಜಿನಿಂದ ಬಿದ್ದು ಟಕಟಕ ಎನ್ನತೊಡಗಿತು. ಯಾರೋ ಹೇಳಿದರೆಂದು ಮರುಗಳಿಕೆಯ ಸಾಫ್ಟ್‌ವೇರ್ ಹಾಕಿ ಬೆಳಗಿನವರೆಗೂ ಓಡಿಸಿದರು. ಕೊನೆಗೆ ಧೂಳುರಹಿತ ಕೋಣೆಯಲ್ಲಿ ಅದನ್ನು ತೆರೆದಾಗ ತಟ್ಟೆಯ ಮೇಲೆ ವೃತ್ತಾಕಾರದ ಗೀರು ಸ್ಪಷ್ಟವಾಗಿ ಕಾಣುತ್ತಿತ್ತು. ತೀರಿಕೊಂಡ ಭಾಗವತರೊಬ್ಬರ ದನಿ ಆ ಡಿಸ್ಕಿನಲ್ಲಿತ್ತು. ಅದು ಬೇರೆಲ್ಲೂ ಉಳಿದಿರಲಿಲ್ಲ.

ನಮ್ಮ ವೃತ್ತಿಯವರಲ್ಲಿ ನನ್ನ ವಿನಂತಿ ಇಷ್ಟೆ. ಟಕಟಕ ಎನ್ನುವ ಡಿಸ್ಕಿಗೆ 'ಫಾರ್ಮ್ಯಾಟ್ ಮಾಡಿ ನೋಡುವ' ಎನ್ನಬೇಡಿ, ಅಂಗಡಿಯ ಮೇಜಿನ ಮೇಲೆ ಅದರ ಮುಚ್ಚಳ ಬಿಚ್ಚಬೇಡಿ. ಕೆಟ್ಟ ಡಿಸ್ಕನ್ನು ಫ್ರೀಜರಿನಲ್ಲಿಟ್ಟು ನೋಡಿ ಎಂದು ಕೆಲವರು ಕೊಡುವ ಸಲಹೆಯಂತೂ ನಮ್ಮ ಊರಿನ ತೇವದ ಹವೆಯಲ್ಲಿ ತಟ್ಟೆಯ ಮೇಲೆ ನೀರು ಹನಿಗಟ್ಟಲು ದಾರಿ ಮಾಡಿಕೊಟ್ಟಂತೆ. ಗ್ರಾಹಕರು ಇನ್ನೂ ಓಡುತ್ತಿರುವ ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಆಗಾಗ ನೋಡಿಕೊಳ್ಳಲಿ, ಡೆಸ್ಕ್‌ಟಾಪಿಗೆ ಯುಪಿಎಸ್ ಹಾಕಿಸಲಿ. ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಕೊಂಡವರು ನಿಶ್ಚಿಂತರಾಗುವಂತಿಲ್ಲ. ಅದರಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಕೆಡುವಾಗ ಸದ್ದಿನ ಮುನ್ಸೂಚನೆಯೂ ಸಿಗದು. ಮದುವೆಯ ಫೋಟೋ, ಸಹಕಾರಿ ಸಂಘದ ಲೆಕ್ಕ, ಆಟದ ಧ್ವನಿಮುದ್ರಣ ಯಾವುದೇ ಇರಲಿ, ಒಂದು ಪ್ರತಿ ಬೇರೆ ಡಿಸ್ಕಿನಲ್ಲಿಯೂ ಮತ್ತೊಂದು ಬೇರೆ ಊರಿನ ನಂಟರ ಮನೆಯಲ್ಲಿಯೂ ಇರುವಂತೆ ಈ ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ದುರಸ್ತಿಗಾರ, ಉಡುಪಿ