ಇಂಟ್ರಾನೆಟ್ ಪುಟದ ಎಕ್ಸೆಲ್ ಶೀಟ್‌ಗಳ ಬಗ್ಗೆ ದೂರು

ಇವರಿಂದ:
ಸ್ಟೋರ್ಸ್ ಮತ್ತು ಪ್ಲಾನಿಂಗ್ ವಿಭಾಗ,
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಸ್ಟಾಕ್ ಶೀಟ್ ಅರ್ಧಕ್ಕೆ ಕತ್ತರಿಸಿ ಕಾಣುತ್ತಿರುವುದು ಮತ್ತು ಕಾರ್ಮಿಕರ ಸಂಬಳದ ವಿವರ ಎಲ್ಲರ ಕೈಗೂ ಸಿಗುತ್ತಿರುವುದು

ಮಾನ್ಯರೇ,

ನಮ್ಮ ಕಾರ್ಖಾನೆಗೆ ಇಂಟ್ರಾನೆಟ್ ಪುಟ (ಒಳಗಿನವರಿಗಷ್ಟೇ ಇರುವ ವೆಬ್ ಪುಟ) ಮಾಡಿಕೊಟ್ಟವರು ನೀವು. ಈ ವರ್ಷದ ನಿರ್ವಹಣೆ ಹಣವನ್ನೂ ಮುಂಗಡವಾಗಿ ತೆಗೆದುಕೊಂಡಿದ್ದೀರಿ. ಆ ಪುಟದಲ್ಲಿ ನಮಗೆ ಮುಖ್ಯವಾಗಿ ಬೇಕಾಗಿದ್ದು ಎರಡು ಶೀಟ್. ಒಂದು ಸ್ಟೋರ್ಸ್‌ನ ಸ್ಟಾಕ್ ಲೆಡ್ಜರ್, ಇನ್ನೊಂದು ಶಿಫ್ಟ್ ಪಟ್ಟಿ. ಎರಡೂ ನಮ್ಮದೇ ಶೇರ್‌ಪಾಯಿಂಟ್‌ನಲ್ಲಿವೆ, ಅಂದರೆ ಫೈಲ್‌ಗಳನ್ನು ಇಟ್ಟು ಹಂಚಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ. ಅಲ್ಲಿ ಏನಾದರೂ ಬದಲಾದರೆ ಪುಟದಲ್ಲೂ ಬದಲಾಗಬೇಕು. ಅನುಮತಿ ಇದ್ದವರಿಗೆ ಮಾತ್ರ ಕಾಣಬೇಕು. ಕರಾರಿನಲ್ಲಿ ಇರುವುದೂ ಇಷ್ಟೇ.

ಆದರೆ ನೀವು ಮಾಡಿರುವುದು ಬೇರೆ. ದಿನಾ ರಾತ್ರಿ ನಿಮ್ಮ ಪ್ರೋಗ್ರಾಂ ಆ ಫೈಲ್‌ಗಳ ನಕಲು ತೆಗೆದು ನಿಮ್ಮ ಸರ್ವರ್‌ನಲ್ಲಿ ಇಡುತ್ತದೆ. ಮರುದಿನ ಪುಟದಲ್ಲಿ ಕಾಣುವುದು ಆ ನಕಲು. ನಾನು ಕೆಳಗೆ ಬರೆಯುತ್ತಿರುವ ಪ್ರತಿಯೊಂದು ತೊಂದರೆಯೂ ಅಲ್ಲಿಂದಲೇ ಹುಟ್ಟಿದೆ.

ಮೊದಲು ಸ್ಟಾಕ್ ಲೆಡ್ಜರ್ ವಿಷಯ. ನಕಲನ್ನು ನೀವು ಹಳೆಯ ಎಕ್ಸ್‌ಎಲ್‌ಎಸ್ (.xls) ಫೈಲ್ ಮಾದರಿಯಲ್ಲಿ ಉಳಿಸುತ್ತಿದ್ದೀರಿ. ಆ ಮಾದರಿಯಲ್ಲಿ ಒಂದು ಶೀಟಿಗೆ ಹಿಡಿಯುವುದು 65,536 ಸಾಲು ಮಾತ್ರ. ಎಕ್ಸೆಲ್ 2007ರ ಜೊತೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲು ಹಿಡಿಯುತ್ತವೆ. ನಮ್ಮ ಲೆಡ್ಜರ್‌ನಲ್ಲಿ ಪ್ರತಿ ಬೇರಿಂಗ್, ಪ್ರತಿ ಇನ್ಸರ್ಟ್ (ಲೋಹ ಕತ್ತರಿಸುವ ಟೂಲಿನ ತುದಿ) ಒಳಗೆ ಬಂದಾಗ ಒಂದು ಸಾಲು, ಹೊರಗೆ ಹೋದಾಗ ಇನ್ನೊಂದು ಸಾಲು. ಹಳೆಯ ಮಿತಿಯನ್ನು ಅದು ಯಾವಾಗಲೋ ದಾಟಿದೆ. ಹೊಸ ನಮೂದು ಸೇರುವುದು ಯಾವಾಗಲೂ ಕೆಳಗೆ. ಹಾಗಾಗಿ ನಿಮ್ಮ ನಕಲಿನಲ್ಲಿ ಕತ್ತರಿಸಿ ಹೋಗುವುದು ಹೊಸ ಲೆಕ್ಕವೇ. ಒಂದು ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ನೋಡುವವರು ಪೂರ್ತಿ ಶೀಟ್ ಇದೆ ಎಂದೇ ನಂಬುತ್ತಾರೆ.

ಇದರಿಂದ ಏನಾಗುತ್ತಿದೆ ಗೊತ್ತಾ? ರ‍್ಯಾಕ್‌ನಲ್ಲಿ ಹೊಸ ಲಾಟ್ ಇದ್ದರೂ ಪುಟದಲ್ಲಿ ಸ್ಟಾಕ್ ಖಾಲಿ ಎಂದಿದೆ. ಪರ್ಚೇಸ್‌ನವರು ಅದನ್ನು ನಂಬಿ ಮತ್ತೆ ಆರ್ಡರ್ ಹಾಕಿದ್ದಾರೆ. ಇದಕ್ಕಿಂತ ಕೆಟ್ಟದ್ದು ರಾತ್ರಿ ಪಾಳಿಯಲ್ಲಿ ಆಗಿದ್ದು. ಹಗಲು ಇಶ್ಯೂ ಆಗಿ ಮುಗಿದಿದ್ದ ಟೂಲ್ ಇನ್ನೂ ಸ್ಟಾಕ್‌ನಲ್ಲಿದೆ ಎಂದು ಪುಟ ತೋರಿಸಿತು. ಅದನ್ನು ನೆಚ್ಚಿ ಸೂಪರ್‌ವೈಸರ್ ಕೆಲಸ ಹಂಚಿದರು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬೆಳಗಿನವರೆಗೆ ನಿಂತಿತ್ತು. ಆ ನಷ್ಟದ ಬಗ್ಗೆ ವಿವರಣೆ ಕೊಡಬೇಕಾದವರು ಸ್ಟೋರ್ಸ್‌ನವರಾದರು.

ಈ ಮಿತಿ ನಿಮಗೆ ಗೊತ್ತಿರಲಿಲ್ಲ ಎಂದು ಹೇಳಲಾಗದು. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಸಂಸ್ಥೆಯೊಂದು ಕೋವಿಡ್ ಫಲಿತಾಂಶಗಳನ್ನು ಇದೇ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿ ತುಂಬುತ್ತಿತ್ತು. ಸಾಲು ಮುಗಿದು 15,841 ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ಆಗ ಇದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಶೀಟ್ ತೋರಿಸುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿ ಅದಾದ ಮೇಲೂ ಅದೇ ಮಾದರಿ ಬಳಸುವುದು ನನಗೆ ಅರ್ಥವಾಗುತ್ತಿಲ್ಲ.

ಈಗ ಶಿಫ್ಟ್ ಪಟ್ಟಿ. ಈ ಪತ್ರ ಬರೆಯಲು ನಿಜವಾದ ಕಾರಣ ಇದು. ನಾವು ಸಂಬಳದ ಫೈಲನ್ನು ಬೇರೆ ಇಟ್ಟಿದ್ದೆವು. ಅದನ್ನು ತೆರೆಯುವ ಅನುಮತಿ ಅಕೌಂಟ್ಸ್‌ನವರಿಗೆ ಮಾತ್ರ ಇತ್ತು. ಓಟಿ (ಓವರ್‌ಟೈಮ್) ಲೆಕ್ಕ ತಾನಾಗಿ ಬರಲಿ ಎಂದು ನಿಮ್ಮವರು ಆ ಶೀಟನ್ನು ಶಿಫ್ಟ್ ಪಟ್ಟಿಯ ಫೈಲಿನೊಳಗೇ ಸೇರಿಸಿದರು, ಆಮೇಲೆ ಹೈಡ್ ಮಾಡಿದರು. ಪುಟದಲ್ಲಿ ಡೌನ್‌ಲೋಡ್ ಬಟನ್ ಕೊಟ್ಟವರೂ ನೀವೇ. ಅದನ್ನು ಒತ್ತಿದರೆ ಪೂರ್ತಿ ಫೈಲ್ ಇಳಿಯುತ್ತದೆ. ಕೆಳಗಿನ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಹೈಡ್ ಎಂದರೆ ಸಾಕು. ಪ್ರತಿ ಕಾರ್ಮಿಕನ ದಿನಗೂಲಿ, ಸಾಲದ ಕಡಿತ, ಬ್ಯಾಂಕ್ ಖಾತೆ ನಂಬರ್ ಎಲ್ಲವೂ ಬಯಲು. ಹೈಡ್ ಮಾಡುವುದು ಕಣ್ಣಿಗೆ ಅಡ್ಡವಾಗದಿರಲಿ ಎಂದು. ಅದು ಭದ್ರತೆ ಅಲ್ಲ. ಎಕ್ಸೆಲ್ ಕಲಿಸುವ ಯಾರೇ ಆದರೂ ಇದನ್ನು ಹೇಳುತ್ತಾರೆ, ಅಲ್ವಾ?

ಹೀಗೇ ಆದ ದೊಡ್ಡ ಅನಾಹುತ ಕಣ್ಣ ಮುಂದೆ ಇದೆ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಹೊರಗೆ ಕೊಟ್ಟ ಒಂದು ಎಕ್ಸೆಲ್ ಫೈಲಿನಲ್ಲಿ ಹೈಡ್ ಆದ ಟ್ಯಾಬ್ ಉಳಿದಿತ್ತು. 9,483 ಸಿಬ್ಬಂದಿಯ ವಿವರ ಬಹಿರಂಗವಾಯಿತು. ಇಲಾಖೆಗೆ 7,50,000 ಪೌಂಡ್ ದಂಡ ಬಿತ್ತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇದೆ. ಕೆಲಸವನ್ನು ಹೊರಗಿನವರಿಗೆ ವಹಿಸಿದರೂ ಹೊಣೆ ವಹಿಸಿದ ಕಂಪನಿಯದ್ದೇ ಎನ್ನುತ್ತದೆ ಅದು. ಕಾನೂನು ಒಂದು ಕಡೆ ಇರಲಿ. ಯಾರು ಎಷ್ಟು ಸಾಲ ಮಾಡಿದ್ದಾರೆ ಎಂಬುದು ಪಕ್ಕದ ಮಷೀನಿನವರಿಗೆ ತಿಳಿಯುವುದು ನಮ್ಮ ಜನಕ್ಕೆ ಆಗುವ ಅವಮಾನ. ಅದಕ್ಕೆ ಯಾವ ಪರಿಹಾರ ಕೊಡುತ್ತೀರಿ?

ಕನ್ನಡದ ವಿಷಯವನ್ನೂ ಹೇಳಲೇಬೇಕು. ಶಿಫ್ಟ್ ಪಟ್ಟಿಯಲ್ಲಿ ನಾವು ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇವೆ, ಅದೂ ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಯೂನಿಕೋಡ್ ಸಂಕೇತದಲ್ಲಿ. ಫೋನಿನಲ್ಲಿ ಬೇಗ ತೆರೆಯಲಿ ಎಂದು ನೀವು ಅದನ್ನು ಸಿಎಸ್‌ವಿ (ಬರಿಯ ಪಠ್ಯದ ಫೈಲ್) ಮಾಡಿ ತೋರಿಸುತ್ತಿದ್ದೀರಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಉಳಿಸಲು ಯೂನಿಕೋಡ್ ಅಕ್ಷರ ಉಳಿಸುವ ಯುಟಿಎಫ್-8 ಎಂಬ ಆಯ್ಕೆ ಬೇರೆಯಾಗಿಯೇ ಇದೆ. ಅದನ್ನು ಬಿಟ್ಟು ಸಾದಾ ಸಿಎಸ್‌ವಿ ಆರಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ. ಈಗ ಫೋನಿನಲ್ಲಿ ಹೆಸರಿನ ಜಾಗದಲ್ಲಿ ಸಾಲುಸಾಲಾಗಿ ಪ್ರಶ್ನೆ ಚಿಹ್ನೆಗಳಿವೆ. ನಿಮ್ಮ ಸಹಾಯವಾಣಿಯವರು ಕನ್ನಡ ಫಾಂಟ್ ಹಾಕಿಕೊಳ್ಳಿ ಎಂದರು. ಅಕ್ಷರವೇ ಅಳಿಸಿಹೋದ ಮೇಲೆ ಯಾವ ಫಾಂಟ್ ಹಾಕಿದರೂ ವಾಪಸ್ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ಹೆಸರು ಬರೆದರೆ ಸಮಸ್ಯೆ ಇರಲ್ಲ ಎಂದೂ ಸಲಹೆ ಕೊಟ್ಟರು. ಅದನ್ನು ನಾವು ಒಪ್ಪುವುದಿಲ್ಲ. ತನ್ನ ಪಾಳಿ ಯಾವುದು ಎಂದು ಕಾರ್ಮಿಕನೇ ಓದಿಕೊಳ್ಳಲಿ ಎಂದೇ ಆ ಪಟ್ಟಿ ಇರುವುದು.

ಹಿಂದಿನ ದೂರುಗಳಿಗೆಲ್ಲ ಪುಟ ರಿಫ್ರೆಶ್ ಮಾಡಿ, ಬ್ರೌಸರ್ ಕ್ಯಾಶ್ (ಉಳಿಸಿಟ್ಟ ಹಳೆಯ ಪ್ರತಿ) ಅಳಿಸಿ ಎಂದು ಬರೆದು ಸುಮ್ನೆ ಟಿಕೆಟ್ ಮುಚ್ಚಿದ್ದೀರಿ. ಈ ಸಲ ಹಾಗಾಗಬಾರದು.

ಸಂಬಳದ ಶೀಟ್ ಇರುವ ನಕಲುಗಳನ್ನು ಇಂದೇ ಪುಟದಿಂದ ತೆಗೆಯಿರಿ, ಡೌನ್‌ಲೋಡ್ ಬಟನ್ ನಿಲ್ಲಿಸಿ. ಬ್ಯಾಕಪ್‌ನಲ್ಲಿ ಉಳಿದ ಪ್ರತಿಗಳನ್ನೂ ಅಳಿಸಿ. ಆದರೆ ಸರ್ವರ್ ಲಾಗ್ ಮಾತ್ರ ಮುಟ್ಟಬೇಡಿ. ಆ ಫೈಲನ್ನು ಯಾರು ಯಾವಾಗ ಇಳಿಸಿಕೊಂಡರು ಎಂಬ ವಿವರ ನಮಗೆ ಲಿಖಿತವಾಗಿ ಬೇಕು. ಕಾರ್ಮಿಕರಿಗೆ ನಾವು ಉತ್ತರ ಹೇಳಬೇಕಾಗಿದೆ.

ನಂತರ ರಾತ್ರಿ ನಕಲು ತೆಗೆಯುವ ವ್ಯವಸ್ಥೆಯನ್ನೇ ಬಿಡಿ. ಶೇರ್‌ಪಾಯಿಂಟ್ ಪುಟದಲ್ಲಿ ಮೂಲ ಎಕ್ಸೆಲ್ ಫೈಲನ್ನೇ ನೇರವಾಗಿ ತೋರಿಸುವ ಸೌಲಭ್ಯ ಇದೆ. ಅದರಲ್ಲಿ ಮೂಲ ಫೈಲಿನ ಅನುಮತಿಯೇ ಅನ್ವಯಿಸುತ್ತದೆ, ಕನ್ನಡವೂ ಸರಿಯಾಗಿ ಕಾಣುತ್ತದೆ. ಇದಕ್ಕೆ ಹೊಸ ಶುಲ್ಕ ಕೊಡುವುದಿಲ್ಲ, ಏಕೆಂದರೆ ಕರಾರಿನಲ್ಲಿ ಇರುವುದು ಇದೇ ಕೆಲಸ. ಸಂಬಳದ ಶೀಟನ್ನು ಮೊದಲಿನ ಹಾಗೆ ಬೇರೆ ಫೈಲಿಗೆ ಹಾಕಿಕೊಡಿ.

ಏಳು ದಿನದೊಳಗೆ ನಿಮ್ಮ ತಾಂತ್ರಿಕ ಮುಖ್ಯಸ್ಥರು ಖುದ್ದು ಪೀಣ್ಯಕ್ಕೆ ಬಂದು, ಶಾಪ್ ಫ್ಲೋರ್‌ನಲ್ಲಿ ಕಾರ್ಮಿಕರ ಫೋನಿನಲ್ಲೇ ಪುಟ ತೆರೆದು ತೋರಿಸಬೇಕು. ಇಲ್ಲದಿದ್ದರೆ ಈ ತ್ರೈಮಾಸಿಕದ ನಿರ್ವಹಣೆ ಹಣ ವಾಪಸ್ ಕೇಳುತ್ತೇವೆ, ಕರಾರು ರದ್ದು ಮಾಡುವ ನೋಟಿಸ್ ಕಳಿಸುತ್ತೇವೆ. ಯಂತ್ರ ನಿಂತ ಪಾಳಿಯ ನಷ್ಟದ ವಿವರ ಮತ್ತು ಪುಟದ ಸ್ಕ್ರೀನ್‌ಶಾಟ್‌ಗಳನ್ನು ಇದರ ಜೊತೆ ಲಗತ್ತಿಸಿದ್ದೇನೆ. ಸ್ಕ್ರೀನ್‌ಶಾಟ್‌ಗಳಲ್ಲಿ ಕಾರ್ಮಿಕರ ವಿವರಗಳನ್ನು ಅಳಿಸಲಾಗಿದೆ.

ಇಂತಿ,
ಸ್ಟೋರ್ಸ್ ಮತ್ತು ಪ್ಲಾನಿಂಗ್ ವಿಭಾಗದ ಮುಖ್ಯಸ್ಥರು