ತೊಗಲಿನ ನೆಲಹಾಸು: ಫೋಟೊ ನೋಡಿ ಅಲ್ಲ, ಮಾಪ್ ನೋಡಿ ಹಾಸಿ

ಮಾನ್ಯ ಸಂಪಾದಕರೇ,

ಮನೆ ಅಲಂಕಾರದ ಪುಟಗಳಲ್ಲಿ ಕೂದಲು ಸಹಿತವಾದ ಹಸುವಿನ ತೊಗಲಿನ ನೆಲಹಾಸು ಈಚೆಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮರದ ನೆಲ, ಗೋಡೆ ಅಗಲದ ಕಿಟಕಿ, ಸೋಫಾದ ಕಾಲಡಿ ಕಂದು-ಬಿಳಿ ಮಚ್ಚೆಯ ತೊಗಲು. ನೋಡಲು ಚೆಂದವೇ. ಆದರೆ ಆ ಚಿತ್ರದ ಮನೆಗಳಲ್ಲಿ ಬೆಳಿಗ್ಗೆ ಯಾರೂ ಬಕೆಟ್ಟಿಗೆ ಫಿನೈಲ್ ಹಾಕಿಕೊಂಡು ಮಾಪ್‌ನಿಂದ ಮನೆಯಿಡೀ ಒರೆಸುವುದಿಲ್ಲ. ಮೈಸೂರು, ಮಂಡ್ಯದ ಮನೆಗಳಲ್ಲಿ ಆ ಕೆಲಸ ಒಂದು ದಿನವೂ ತಪ್ಪುವುದಿಲ್ಲ. ಇಂಥ ಹಾಸು ನಮ್ಮಲ್ಲಿ ಹಾಳಾಗುವುದು ಹೆಚ್ಚಾಗಿ ತುಳಿತದಿಂದಲ್ಲ, ಈ ನೀರಿನಿಂದ. ಆದ್ದರಿಂದ ಯಾವ ಕೋಣೆಯಲ್ಲಿ ಎಲ್ಲಿ ಹಾಸಬೇಕು ಎಂಬುದನ್ನು ನೀರು, ಬಿಸಿಲು, ಓಡಾಟ ಈ ಮೂರರ ದಾರಿ ನೋಡಿ ತೀರ್ಮಾನಿಸಬೇಕು. ನೆಲಹಾಸು ಹಾಸಿಕೊಡುವ, ಕೆಟ್ಟದ್ದನ್ನು ಸರಿಮಾಡುವ ಕೆಲಸದಲ್ಲಿರುವ ನಾವು ಓದುಗರಿಗೆ ತಿಳಿಸಬೇಕೆಂದಿರುವ ವಿಷಯ ಇದು.

ಮೊದಲು ಆ ವಸ್ತುವಿನ ಗುಣ ತಿಳಿಯಬೇಕು. ಚಪ್ಪಲಿ, ಚೀಲಕ್ಕೆ ಬಳಸುವ ಚರ್ಮವನ್ನು ಸುಣ್ಣ ಮತ್ತು ಸೋಡಿಯಂ ಸಲ್ಫೈಡಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ನೆಲಹಾಸಿನ ತೊಗಲಿಗೆ ಆ ಹಂತವೇ ಇಲ್ಲ. ಉಪ್ಪು ಮತ್ತು ಆಮ್ಲದ ನೀರಿನಲ್ಲಿಟ್ಟು, ಸಾಮಾನ್ಯವಾಗಿ ಕ್ರೋಮಿಯಂ ಲವಣದಲ್ಲಿ ಹದ ಮಾಡಿ, ಕೊನೆಗೆ ಎಣ್ಣೆ ಉಣಿಸುತ್ತಾರೆ. ತೊಗಲು ಬಗ್ಗುವುದು ಆ ಎಣ್ಣೆಯ ದೆಸೆಯಿಂದ. ಅಂಚು ದಿನಾ ಒದ್ದೆಯಾಗಿ ಒಣಗುತ್ತಿದ್ದರೆ ಒಳಗಿನ ನಾರುಗಳು ಒಂದಕ್ಕೊಂದು ಅಂಟಿಕೊಂಡು, ತೊಗಲು ಹಪ್ಪಳದಂತೆ ಸೆಟೆದು ಮೇಲಕ್ಕೆ ಸುರುಳುತ್ತದೆ. ಆಮೇಲೆ ಕಾಲು ಎಡವುವುದು ಅಲ್ಲಿಗೇ.

ಇಡೀ ತೊಗಲು ಸುಮಾರು 6ರಿಂದ 8 ಅಡಿ ಉದ್ದ, 5ರಿಂದ 7 ಅಡಿ ಅಗಲ ಇರುತ್ತದೆ. ಕತ್ತು, ಕಾಲು, ಬಾಲದ ಭಾಗಗಳು ಚಾಚಿಕೊಂಡಿರುವುದರಿಂದ ಅಂಗಡಿಯವರು ಹೇಳುವ ಅಳತೆಯಷ್ಟೂ ನೆಲ ಮುಚ್ಚುವುದಿಲ್ಲ. ಅಳತೆಯನ್ನು ತುದಿಯಿಂದ ತುದಿಗೆ ಹಿಡಿದಿರುತ್ತಾರೆ, ನಡು ಭಾಗ ಅದಕ್ಕಿಂತ ಒಂದೊಂದೂವರೆ ಅಡಿ ಕಡಿಮೆ. ಕೊಳ್ಳುವ ಮುನ್ನ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಅದೇ ಆಕಾರ ಕತ್ತರಿಸಿ ನೆಲದ ಮೇಲೆ ಎರಡು ದಿನ ಬಿಡಿ. ಬಾಗಿಲು ಎಲ್ಲಿ ತಾಗುತ್ತದೆ, ಜನ ಎಲ್ಲಿ ದಾಟುತ್ತಾರೆ, ಹಾಳೆ ಎಲ್ಲಿ ಒದ್ದೆಯಾಗಿ ಹರಿಯುತ್ತದೆ ಎಂಬುದೆಲ್ಲ ಖರ್ಚಿಲ್ಲದೆ ಗೊತ್ತಾಗುತ್ತದೆ.

ಇನ್ನು ನೆಲ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಪಾಲಿಶ್ ಹಾಕಿದ ಹೊಸದರಲ್ಲಿ ಬಣ್ಣ ಬಿಡುತ್ತದೆ, ಅದು ತೊಗಲಿನ ಹಿಂಬದಿಗೆ ಹತ್ತಿದರೆ ಹೋಗುವುದಿಲ್ಲ. ಒಣಗಿದ ಬಿಳಿ ಬಟ್ಟೆಯಿಂದ ಉಜ್ಜಿ, ಬಟ್ಟೆ ಕೆಂಪಾಗುವುದು ನಿಂತ ಮೇಲಷ್ಟೇ ಹಾಸಬೇಕು. ವಿಟ್ರಿಫೈಡ್ ಟೈಲ್ಸ್ ಮೇಲೆ ಬಣ್ಣದ ಚಿಂತೆ ಇಲ್ಲ, ಜಾರುವ ಚಿಂತೆ. ಅದಕ್ಕೆ ಅಡಿಯಲ್ಲಿ ಸಹಜ ರಬ್ಬರಿನ ತೆಳು ಹಾಳೆ ಹಾಕಿ. ತೊಗಲಿನ ಅಂಚಿಗಿಂತ 2-3 ಅಂಗುಲ ಒಳಗೆ, ಅದೇ ಆಕಾರಕ್ಕೆ ಕತ್ತರಿಸಿದರೆ ಹೊರಗೆ ಕಾಣುವುದಿಲ್ಲ. ಅಗ್ಗದ ಪಿವಿಸಿ ಜಾಲರಿ ಬೇಡ. ಕೆಲವು ತಿಂಗಳಲ್ಲಿ ಅದು ಪಾಲಿಶ್ ನೆಲಕ್ಕೆ ಅಂಟಿ, ಕೀಳುವಾಗ ಚೌಕ ಚೌಕದ ಗುರುತು ಉಳಿಸುತ್ತದೆ.

ಮಂಡ್ಯದ ಕಡೆ ಇನ್ನೊಂದು ತೊಂದರೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ, ಗದ್ದೆ ಬದಿಯ ಮನೆಗಳಲ್ಲಿ ನಾಲೆಗೆ ನೀರು ಬಿಟ್ಟ ಕಾಲಕ್ಕೆ ನೆಲ ಶೀತ ಎಳೆಯುತ್ತದೆ. ಮೇಲೆ ಒಣಗಿದಂತೆ ಕಂಡರೂ ತೊಗಲಿನಡಿ ಬೂಷ್ಟು ಹಿಡಿಯುತ್ತದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆದು ನೋಡಿ. ಹಾಳೆಯ ಒಳಬದಿ ಬೆವರಿದ್ದರೆ ಅಥವಾ ಅಡಿಯ ನೆಲ ಕಪ್ಪಾಗಿದ್ದರೆ ಆ ಕೋಣೆಗೆ ತೊಗಲು ಬೇಡ, ಮಹಡಿಯ ಮೇಲಿನ ಕೋಣೆ ಇದ್ದರೆ ಅಲ್ಲಿ ಹಾಸಿ. ನೆಲದ ಶೀತಕ್ಕೆ ರಬ್ಬರ್ ಹಾಳೆ ಪರಿಹಾರವಲ್ಲ, ಅದು ತೇವವನ್ನು ಅಡಿಯಲ್ಲೇ ಹಿಡಿದಿಡುತ್ತದೆ.

ಹಾಲ್‌ನಲ್ಲಿ ಹೇಗೆ ಹಾಸಬೇಕು ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಹೊರದೇಶದ ನಿಯಮ, ಸೋಫಾದ ಮುಂಗಾಲು ಎರಡನ್ನೂ ಹಾಸಿನ ಮೇಲೆ 6-8 ಅಂಗುಲ ಏರಿಸಿಡಬೇಕು ಎನ್ನುತ್ತದೆ. ಹಾಸು ಸರಿಯುವುದಿಲ್ಲ, ಕೋಣೆ ದೊಡ್ಡದಾಗಿ ಕಾಣುತ್ತದೆ, ಅದು ನಿಜ. ಆದರೆ ಸೋಫಾ ಕೂರಿಸಿದ ತೊಗಲನ್ನು ನೆಲ ಒರೆಸುವಾಗ ಎತ್ತಲಾಗುವುದಿಲ್ಲ. ಕೆಲಸದವರು ಸುತ್ತ ಒರೆಸಿಕೊಂಡು ಹೋಗುತ್ತಾರೆ, ಮಾಪಿನ ನೀರು ಅಂಚಿನಡಿ ನಿಲ್ಲುತ್ತದೆ. ತಪ್ಪು ಅವರದ್ದಲ್ಲ, ಹಾಸಿದ ರೀತಿಯದು. ಹಾಗಾಗಿ ನಮ್ಮ ಅಭಿಪ್ರಾಯ ಬೇರೆ. ಸೋಫಾಕ್ಕೂ ತೊಗಲಿಗೂ ನಡುವೆ ಒಂದು ಗೇಣು ಬಿಡಿ, ಮೇಲೆ ಹಗುರವಾದ ಟೀಪಾಯಿ ಮಾತ್ರ ಇಡಿ. ತೊಗಲಿನ ತೂಕ ನಾಲ್ಕೈದು ಕೆ.ಜಿ.ಯ ಆಸುಪಾಸು. ಟೀಪಾಯಿ ಸರಿಸಿ, ತೊಗಲನ್ನು ಸಡಿಲವಾಗಿ ಸುತ್ತಿ ಸೋಫಾದ ಮೇಲಿಟ್ಟು, ಒರೆಸಿ, ನೆಲ ಪೂರ್ತಿ ಆರಿದ ಮೇಲೆ ಮತ್ತೆ ಹಾಸುವುದು ಒಬ್ಬರ ಕೆಲಸ. ಫ್ಯಾನ್ ಹಾಕಿದರೆ ನೆಲ ಬೇಗ ಆರುತ್ತದೆ.

20-30 ಸೈಟಿನ ಮನೆಯ ಹಾಲ್ ಸಾಮಾನ್ಯವಾಗಿ 10-12 ಅಡಿ. ಅಂಥಲ್ಲಿ ಇಡೀ ತೊಗಲು ಹಾಸಿದರೆ ಕೋಣೆ ಉಸಿರು ಕಟ್ಟಿದಂತಾಗುತ್ತದೆ, ಓಡಾಟಕ್ಕೂ ಜಾಗ ಉಳಿಯುವುದಿಲ್ಲ. ಕರುವಿನ ಇಲ್ಲವೇ ಮೇಕೆಯ ಚಿಕ್ಕ ತೊಗಲು ಸಾಕು. 30-40 ಸೈಟಿನ ಮನೆಯಲ್ಲಿ ಇಡೀ ತೊಗಲು ಒಪ್ಪುತ್ತದೆ. ಬೀದಿ ಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿ ಎರಡೂವರೆ ಅಡಿಯಷ್ಟು ಖಾಲಿ ಇರಲಿ, ಗೋಡೆಯಿಂದ ಕನಿಷ್ಠ ಒಂದಡಿ ನೆಲ ಕಾಣುತ್ತಿರಲಿ. ತೊಗಲಿನ ಬೆನ್ನೆಲುಬಿನ ಗೆರೆಯನ್ನು ಸೋಫಾಕ್ಕೆ ಸಮಾನಾಂತರವಾಗಿ ಇಡಬೇಡಿ. ಅಂಚು ಅಂಕುಡೊಂಕಾದ ವಸ್ತುವನ್ನು ನೇರ ಇಟ್ಟರೆ ಅದು ವಾರೆಯಾದಂತೆ ಕಾಣುತ್ತದೆ, ಸ್ವಲ್ಪ ಓರೆಯಾಗಿಟ್ಟರೆ ಸರಿಯಾಗಿ ಕೂತಂತೆ. ಬೆನ್ನಿನ ಕೂದಲು ಕತ್ತಿನಿಂದ ಬಾಲದ ಕಡೆಗೆ ಮಲಗಿರುತ್ತದೆ. ಜನ ಹೆಚ್ಚಾಗಿ ಬರುವ ಕಡೆಗೆ ಕತ್ತಿನ ಭಾಗ ಬಂದರೆ ಕಾಲು ಕೂದಲ ಜಾಡಿನಲ್ಲೇ ಸಾಗುತ್ತದೆ. ತಿರುಗಿಸಿಟ್ಟರೆ ಪ್ರತಿ ಹೆಜ್ಜೆಯೂ ಕೂದಲನ್ನು ಎದುರು ಬಾಚುತ್ತದೆ. ಬಹಳ ಮಂದಿ ಗಮನಿಸದ ಸಂಗತಿ ಇದು.

ಹಾಲ್‌ನಲ್ಲಿ ಉಯ್ಯಾಲೆ ಇದ್ದರೆ ಅದರಡಿ ಖಂಡಿತ ಬೇಡ. ಕಾಲು ಒಂದೇ ಜಾಗದಲ್ಲಿ ಹಿಂದೆ ಮುಂದೆ ಉಜ್ಜಿ ಆ ಪಟ್ಟಿ ಬೋಳಾಗುತ್ತದೆ. ಚಕ್ರದ ಕುರ್ಚಿಯ ಕತೆಯೂ ಅದೇ. ಆದ್ದರಿಂದ ಓದುವ ಕೋಣೆಯಲ್ಲಿ ಮೇಜಿನಡಿ ಬಿಟ್ಟು, ಪುಸ್ತಕದ ಬೀರುವಿನ ಮುಂದೆ ಅಥವಾ ಕಾಲು ಚಾಚಿ ಕೂರುವ ಆರಾಮ ಕುರ್ಚಿಯ ಮುಂದೆ ಹಾಸಿ. ಪಡುವಣ ಕಿಟಕಿಯ ಸಂಜೆ ಬಿಸಿಲು ನೇರ ಬೀಳುವ ಜಾಗವನ್ನೂ ತಪ್ಪಿಸಿ. ಕಪ್ಪು ತೊಗಲು ಬಿಸಿಲಿಗೆ ಕೆಂಚಾಗುತ್ತದೆ, ಹಿಂಬದಿ ಒಣಗಿ ಗಡುಸಾಗುತ್ತದೆ.

ಮಲಗುವ ಕೋಣೆಯಲ್ಲಿ ಮಂಚದ ಕೆಳಗಿನ ಮೂರನೇ ಎರಡು ಭಾಗಕ್ಕೆ ಅಡ್ಡಲಾಗಿ ತೊಗಲು ಹಾಕಿ ಎರಡೂ ಬದಿ ಒಂದೂವರೆ ಅಡಿ ಹೊರಗೆ ಬಿಡುವುದು ಚಿತ್ರಗಳಲ್ಲಿ ಕಾಣುವ ಕ್ರಮ. 6 ಅಡಿ ಅಗಲದ ಮಂಚಕ್ಕೆ ಇದಕ್ಕಾಗಿ 9 ಅಡಿ ಬೇಕು, ಒಂದು ತೊಗಲಿನಲ್ಲಿ ಅಷ್ಟು ಸಿಗುವುದೇ ಇಲ್ಲ. ಅದೂ ಅಲ್ಲದೆ ನಮ್ಮ ಮಂಚದಡಿ ಟ್ರಂಕು, ಚಾಪೆ ಸುರುಳಿ, ಇನ್ನೂ ಏನೇನೋ ಇರುತ್ತವೆ. ಅವನ್ನು ಎಳೆದಾಡುವಾಗ ತೊಗಲಿಗೆ ಗೀರು ಬೀಳುತ್ತದೆ. ಎದ್ದಾಗ ಕಾಲಿಡುವ ಕಡೆ 2-3 ಅಡಿಯ ಮೇಕೆ ತೊಗಲು ಒಂದೊಂದು ಹಾಕಿದರೆ ಸಾಕು, ಕೊಡವಲೂ ಸುಲಭ. ಸ್ನಾನದ ಮನೆ ಕೋಣೆಗೇ ಅಂಟಿಕೊಂಡಿದ್ದರೆ ಅದರ ಬಾಗಿಲು ಇರುವ ಬದಿಗೆ ಹತ್ತಿಯ ಜಮಖಾನ ಹಾಕಿ, ತೊಗಲು ಇನ್ನೊಂದು ಬದಿಗಿರಲಿ.

ಊಟದ ಜಾಗ, ಅಡುಗೆಮನೆ, ಬಾಲ್ಕನಿ, ಮೆಟ್ಟಿಲ ತಿರುವು ಇವು ಯಾವುವೂ ಬೇಡ. ತೊಟ್ಟಿ ಮನೆಯ ಪಡಸಾಲೆಯಲ್ಲಿ ಮಳೆಯ ಎರಚಲು ಎಲ್ಲಿಯವರೆಗೆ ಬರುತ್ತದೆಂದು ಮನೆಯವರಿಗೇ ಗೊತ್ತು, ಅದರಾಚೆಗೆ ಹಾಸಿ. ದೇವರ ಮನೆಯ ವಿಷಯ ಹೇಳಬೇಕಿಲ್ಲ. ಹಸುವಿನ ತೊಗಲು ಮನೆಯೊಳಗೇ ಬೇಡ ಎನ್ನುವ ಹಿರಿಯರು ಇರುವ ಮನೆಗಳು ನಮ್ಮಲ್ಲಿ ಬಹಳ. ತರುವ ಮುನ್ನ ಅವರನ್ನು ಕೇಳುವುದು ಒಳ್ಳೆಯದು, ತಂದ ಮೇಲೆ ಅಟ್ಟಕ್ಕೆ ಏರಿಸುವುದಲ್ಲ. ಅದೇ ನೋಟ ಬೇಕೆನ್ನುವವರಿಗೆ ಮಚ್ಚೆ ಅಚ್ಚು ಹಾಕಿದ ಕೃತಕ ಹಾಸುಗಳಿವೆ, ತುಂಡು ಹೊಲಿಯದ, ಇಡೀ ತೊಗಲಿನ ಆಕಾರದ ಹಾಸಿನ ಹಿಂಬದಿ ಬಟ್ಟೆಯಾಗಿದ್ದರೆ ಅದು ಸಾಮಾನ್ಯವಾಗಿ ಕೃತಕ. ಮೇಲೆ ಹೇಳಿದ ಜಾಗದ ಲೆಕ್ಕ ಅವಕ್ಕೂ ಸಲ್ಲುತ್ತದೆ.

ಇಲ್ಲೊಂದು ಎಚ್ಚರಿಕೆ. ಮೈಸೂರಿನಲ್ಲಿ ವ್ಯಾನ್ ಇಂಗೆನ್ ಕುಟುಂಬದವರ ಸತ್ತ ಪ್ರಾಣಿಗಳ ಚರ್ಮ ಹದ ಮಾಡಿ, ಒಳಗೆ ತುಂಬಿ, ಜೀವಂತವೆಂಬಂತೆ ನಿಲ್ಲಿಸುವ ಕಾರ್ಖಾನೆ ಇದ್ದುದರಿಂದ ಹಳೆಯ ಬಂಗಲೆಗಳಲ್ಲಿ ಹುಲಿ, ಚಿರತೆಯ ಹಾಸುಗಳು ಇರಬಹುದು. ಜಪಕ್ಕೆ ಬಳಸುತ್ತಿದ್ದ ಕೃಷ್ಣಾಜಿನವೂ (ಕೃಷ್ಣಮೃಗದ ಚರ್ಮ) ಕೆಲವು ಮನೆಗಳಲ್ಲಿ ಇರುತ್ತದೆ. ಇವನ್ನು ಹಸು, ಮೇಕೆಯ ತೊಗಲಿನ ಸಾಲಿಗೆ ಸೇರಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಇವನ್ನು ಇಟ್ಟುಕೊಳ್ಳುವುದು ಅಪರಾಧ, ಮಾರುವಂತೆಯೂ ಇಲ್ಲ.

ನೋಡಿಕೊಳ್ಳುವ ವಿಧಾನ ಕಷ್ಟದ್ದಲ್ಲ. ಮೆತ್ತನೆಯ ಪೊರಕೆಯಿಂದ ಕೂದಲು ಮಲಗಿದ ದಿಕ್ಕಿಗೇ ಗುಡಿಸಿ. ವ್ಯಾಕ್ಯೂಮ್ ಬಳಸುವುದಾದರೆ ತಿರುಗುವ ಬ್ರಷ್ ತೆಗೆದಿಡಿ. ಕಾಫಿ, ಸಾರು ಚೆಲ್ಲಿದರೆ ಉಜ್ಜಬೇಡಿ. ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಆಮೇಲೆ ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೂದಲನ್ನಷ್ಟೇ ಒರೆಸಿ, ನೆರಳಲ್ಲಿ ಒಣಗಿಸಿ. ನೀರು ಬುಡಕ್ಕೆ ಇಳಿಯಬಾರದು. ಎಣ್ಣೆ ಬಿದ್ದರೆ ಮೆಕ್ಕೆಜೋಳದ ಹಿಟ್ಟು ಅಂದರೆ ಅಂಗಡಿಯಲ್ಲಿ ಸಿಗುವ ಕಾರ್ನ್‌ಫ್ಲೋರ್ ಇಲ್ಲವೇ ಟಾಲ್ಕಂ ಪೌಡರ್ ಉದುರಿಸಿ ಕೆಲವು ಗಂಟೆ ಬಿಟ್ಟು ಗುಡಿಸಿ. ಬಿಳಿ ಕೂದಲಿಗೆ ಅರಿಸಿನ ಹತ್ತಿದರೆ ಸೋಪು ಸೋಲುತ್ತದೆ. ಅರಿಸಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಹಾಗಾಗಿ ಆ ಭಾಗವೊಂದನ್ನೇ ಬೆಳಗಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಒಡ್ಡಿ, ಉಳಿದದ್ದನ್ನು ಬಟ್ಟೆಯಿಂದ ಮುಚ್ಚಿ. ವಾಷಿಂಗ್ ಮೆಷಿನ್, ಹಬೆ, ಇಸ್ತ್ರಿ ಮೂರೂ ನಿಷಿದ್ಧ.

ಅಂಚು ಆಗಲೇ ಸುರುಳಿದ್ದರೆ, ಆ ಭಾಗದ ಹಿಂಬದಿಯನ್ನು ಮಾತ್ರ ಹಸಿ ಬಟ್ಟೆಯಿಂದ ತುಸು ಒದ್ದೆ ಮಾಡಿ, ನೆಲಕ್ಕೆ ಚಪ್ಪಟೆ ಮಾಡಿ ಹಿಡಿದು, ಮೇಲೆ ಹಲಗೆ, ಅದರ ಮೇಲೆ ದಪ್ಪ ಪುಸ್ತಕಗಳನ್ನು ಎರಡು ದಿನ ಇಡಿ. ಇಟ್ಟಿಗೆ ಇಡುವುದಾದರೆ ಕಾಗದ ಸುತ್ತಿ ಇಡಿ, ಕೆಂಪು ಪುಡಿ ಕೂದಲೊಳಗೆ ಇಳಿದರೆ ಹೊರತೆಗೆಯುವುದು ಕಷ್ಟ.

ಕೂದಲಿನಲ್ಲಿರುವ ಕೆರಾಟಿನ್ ನುಸಿ ಹುಳುಗಳ ಮತ್ತು ಕಂಬಳಿ ತಿನ್ನುವ ದುಂಬಿಯ ಮರಿಗಳ ಆಹಾರ. ಅವು ಬೆಳಕಿರುವಲ್ಲಿ ಹೆಚ್ಚಾಗಿ ಬರುವುದಿಲ್ಲ, ಬೀರುವಿನಡಿ ಸಿಕ್ಕಿಕೊಂಡ, ಯಾರೂ ಅಲುಗಿಸದ ಅಂಚಿನಿಂದ ಶುರುವಾಗುತ್ತವೆ. ಭಾರದ ಸಾಮಾನು ತೊಗಲ ಮೇಲೆ ಬೇಡ ಎನ್ನಲು ಇದೂ ಒಂದು ಕಾರಣ. ನಮ್ಮಲ್ಲಿ ಮೇ ತಿಂಗಳ ಮಳೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಮಳೆ ಇನ್ನೊಮ್ಮೆ ಜೋರು. ಎರಡರ ನಂತರವೂ ತೊಗಲನ್ನು ಹೊರಗೆ ನೆರಳಲ್ಲಿ ಗಾಳಿಗೆ ಹರಡಿ, ಹಿಂಬದಿಯನ್ನು ಒಣ ಬ್ರಷ್‌ನಿಂದ ಉಜ್ಜಿ. ಗೊಂಬೆ ಕೂರಿಸಲೋ, ಮನೆಯಲ್ಲಿ ಶುಭಕಾರ್ಯಕ್ಕೋ ತೆಗೆದಿಡಬೇಕಾದಾಗ ಮಡಚಬೇಡಿ. ದಪ್ಪ ಕೊಳವೆಗೆ ಸುತ್ತಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿ, ಅಡ್ಡಲಾಗಿ ಮಲಗಿಸಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವರಿ ಬೂಷ್ಟು ಬರುತ್ತದೆ.

ಕೊಳ್ಳುವಾಗ ಎರಡು ಪರೀಕ್ಷೆ ಸಾಕು. ಐದಾರು ಕಡೆ ಕೂದಲನ್ನು ಚಿವುಟಿ ಮೆಲ್ಲಗೆ ಎಳೆಯಿರಿ, ಕೈಗೆ ಗೊಂಚಲಾಗಿ ಬಂದರೆ ಹದ ಕೆಟ್ಟಿದೆ ಎಂದರ್ಥ. ಹಿಂಬದಿ ಮೂಸಿ ನೋಡಿ. ಚೆನ್ನಾಗಿ ಹದವಾದದ್ದಕ್ಕೆ ಚರ್ಮದ ವಾಸನೆ ಇರುತ್ತದೆ, ಕೊಳೆತ ವಾಸನೆ ಇರುವುದಿಲ್ಲ. ಬಿಡಿ ತುಂಡುಗಳನ್ನು ಹೊಲಿದು ಚೌಕ ಮಾಡಿದ ಹಾಸಾದರೆ ಹಿಂದಿನ ಬಟ್ಟೆಯ ಒಂದು ಮೂಲೆ ಬಿಚ್ಚಿಸಿ ಹೊಲಿಗೆ ನೋಡಿ.

ಮಾರುವವರಲ್ಲಿ ನಮ್ಮ ಕೋರಿಕೆ: ಯಾವ ಪ್ರಾಣಿಯ ತೊಗಲು, ಎಲ್ಲಿ ಹದವಾದದ್ದು, ನಡುವಿನ ಅಗಲ ಎಷ್ಟು ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ. ತಮ್ಮ ಪತ್ರಿಕೆಯಲ್ಲಿ ಕೋರಿಕೆ: ಮುಂದಿನ ಬಾರಿ ಇಂಥ ಚಿತ್ರ ಹಾಕುವಾಗ ಕೋಣೆಯ ಅಳತೆ, ನೆಲ ಯಾವುದು, ಕಿಟಕಿ ಯಾವ ದಿಕ್ಕಿಗಿದೆ ಎಂಬುದನ್ನೂ ಅಡಿಬರಹದಲ್ಲಿ ಕೊಡಿ.

– ನೆಲಹಾಸು ಕೆಲಸಗಾರರು, ಮೈಸೂರು