ಸೋಸದೆ ಇಂಗಿಸಿದರೆ ಕೊಳವೆಬಾವಿಯೇ ಹಾಳು

ಮಾನ್ಯರೇ,

ಮಳೆನೀರು ಇಂಗಿಸಲೆಂದು ಕೊಳವೆಬಾವಿಯ ಸುತ್ತ ಗುಂಡಿ ತೋಡಿ, ಕೈಗೆ ಸಿಕ್ಕ ಕಲ್ಲು ತುಂಬಿ, ಹೊಲದ ಕೆಂಪು ನೀರನ್ನು ನೇರವಾಗಿ ಹರಿಸುವುದನ್ನು ದಯವಿಟ್ಟು ನಿಲ್ಲಿಸಿ. ಹೂಳು ಬಂಡೆಯ ಬಿರುಕುಗಳಲ್ಲಿ ಕೂತರೆ ತೆಗೆಯುವುದು ಬಹಳ ಕಷ್ಟ, ಇದ್ದ ನೀರಿನ ಸೆಲೆಯೂ ಮುಚ್ಚಿಹೋಗುತ್ತದೆ.

10 ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಕೇಸಿಂಗ್ ಪೈಪಿನ (ಕೊಳವೆಬಾವಿಯ ಮಣ್ಣು ಕುಸಿಯದಂತೆ ಇಳಿಸಿದ ಹೊರಪೈಪು) ಗುಂಡಿಯೊಳಗೆ ಕಾಣುವ ಭಾಗದಲ್ಲಿ ತಳಕ್ಕೆ ಮಾತ್ರ ಸಣ್ಣ ರಂಧ್ರ ಕೊರೆದು, ನೈಲಾನ್ ಜಾಲರಿ ಬಿಗಿಯಾಗಿ ಸುತ್ತಿ. ಕೆಳಗೆ ದಪ್ಪ ಕಲ್ಲು, ಆಮೇಲೆ 40 ಮತ್ತು 20 ಮಿ.ಮೀ. ಜಲ್ಲಿ, ಮೇಲೆ ಒಂದೂವರೆ ಅಡಿ ಮರಳು. ಜಲ್ಲಿಗೂ ಮರಳಿಗೂ ನಡುವೆ ಜಾಲರಿ ಹಾಸದಿದ್ದರೆ ಮರಳೆಲ್ಲ ಕೆಳಗಿಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ನೀರು ಗುಂಡಿಗೆ ಬೀಳುವ ಮೊದಲು ಮಣ್ಣು ತಂಗಲು ಒಂದು ಹೂಳುತೊಟ್ಟಿ ಇರಲೇಬೇಕು. ಪ್ರತಿ ಮಳೆಗಾಲಕ್ಕೂ ಮುನ್ನ ಮರಳಿನ ಮೇಲಿನ ಕೆಸರು ಕೆರೆದು ತೆಗೆಯಿರಿ.

ಕೊಟ್ಟಿಗೆ ತೊಳೆದ ನೀರು, ಕೀಟನಾಶಕ ಹೊಡೆದ ಹೊಲದ ನೀರು ಖಂಡಿತ ಬೇಡ.